ಹದಿಮೂರು ನಾಡುಗಳು ಒಂದಾದ ಕಥೆ

(ವಾಚನಾಲಯವೊಂದರ ವ್ಯಾಖ್ಯಾನಮಾಲೆಯಲ್ಲಿ ಮಾಡಿದ ಭಾಷಣ)



ಅಮೇರಿಕದ ಸ್ವಾತಂತ್ರ್ಯಸಮರದ ಕಥೆಯನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ಶಾಲೆಯ ಹುಡುಗನನ್ನು ಕೇಳಿದರೂ ಚಹದ ಪೆಟ್ಟಿಗೆಗಳು, ವಾಶಿಂಗ್ಟನ್, ಜುಲೈ 4 ಎಂದು ಮೂರು ಮಾತು ಹೇಳಿಯಾನು. ಆದರೆ ಆ ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆಂಗ್ಲರ ಸೈನ್ಯವು ಶಸ್ತ್ರಗಳನ್ನು ಕೆಳಗಿಟ್ಟಿತೆಂಬಲ್ಲಿಗೆ ಪುಸ್ತಕವನ್ನು ಮುಚ್ಚಿ, ಮಂಗಳ ಹಾಡಿ, ಎದ್ದುಬಿಡುತ್ತೇವೆ. ಹದಿಮೂರು ವಸಾಹತುಗಳು ಸ್ವತಂತ್ರವಾದದ್ದು ಒಂದು ಕಥೆ. ಅವು ಒಂದು ರಾಷ್ಟ್ರವಾದದ್ದು ಇನ್ನೊಂದು. ಮೊದಲನೆಯದಕ್ಕೆ ಎಂಟು ವರ್ಷಗಳು ಹಿಡಿದವು. ಎರಡನೆಯದಕ್ಕೆ ಎಂಬತ್ತು ವರ್ಷಗಳೂ ಸಾಲದಾದವು. ನಾನು ಇಂದು ಹೇಳಹೊರಟಿರುವುದು ವಿಶೇಷವಾಗಿ ಈ ಎರಡನೆಯ ಕಥೆಯನ್ನು. ವಕೀಲನಾದವನ ಕಣ್ಣು ರಣರಂಗಕ್ಕಿಂತ ಕಾಗದಪತ್ರಗಳ ಕಡೆಗೆ ಹೊರಳುವುದು ಸಹಜ; ಆದುದರಿಂದ ತೋಪುಗಳ ಗರ್ಜನೆಯನ್ನು ಕೇಳಬೇಕೆಂದು ಬಂದವರು ನನ್ನನ್ನು ಕ್ಷಮಿಸಬೇಕು.

ಈ ಹದಿಮೂರು ವಸಾಹತುಗಳು ಒಂದಕ್ಕೊಂದು ಎಷ್ಟು ಪರಕೀಯವಾಗಿದ್ದವೆಂಬುದನ್ನು ಮೊದಲು ನೋಡೋಣ. ಉತ್ತರದ ಮ್ಯಾಸಚುಸೆಟ್ಸಿನಲ್ಲಿ ಕಟ್ಟುನಿಟ್ಟಾದ ಪ್ಯೂರಿಟನ್ ಮತಸ್ಥರು. ಮೀನು, ಹಡಗು, ವ್ಯಾಪಾರ ಅವರ ಬದುಕು. ಪೆನ್ಸಿಲ್ವೇನಿಯದಲ್ಲಿ ಕ್ವೇಕರರು, ಜರ್ಮನ್ ಒಕ್ಕಲಿಗರು, ಗೋದಿಯ ಹೊಲಗಳು. ವರ್ಜೀನಿಯದಲ್ಲಿ ಹೊಗೆಸೊಪ್ಪು ಬೆಳೆಯುವ ದೊಡ್ಡ ಜಮೀನುದಾರರು. ಇನ್ನೂ ಕೆಳಗೆ ದಕ್ಷಿಣ ಕೆರೊಲಿನದಲ್ಲಿ ಭತ್ತ ಮತ್ತು ನೀಲಿ. ಆ ಕೆಸರಿನಲ್ಲಿ ನಿಂತು ದುಡಿಯುವವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಮತ ಬೇರೆ, ಬೆಳೆ ಬೇರೆ, ನಾಣ್ಯದ ಲೆಕ್ಕ ಬೇರೆ. ಬಾಸ್ಟನ್ನಿನ ವರ್ತಕನಿಗೆ ಚಾರ್ಲ್ಸ್‌ಟನ್ನಿಗಿಂತ ಲಂಡನ್ನೇ ಹತ್ತಿರವೆನಿಸುತ್ತಿತ್ತು. 1754ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಪತ್ರಿಕೆಯಲ್ಲಿ ಒಂದು ಚಿತ್ರವನ್ನು ಅಚ್ಚು ಹಾಕಿಸಿದನು. ಎಂಟು ತುಂಡುಗಳಾಗಿ ಕಡಿದು ಬಿದ್ದ ಹಾವು. ಅದರ ಕೆಳಗೆ, ಕೂಡದಿದ್ದರೆ ಸಾವು ಎಂಬ ಅಭಿಪ್ರಾಯದ ಚಿಕ್ಕ ಮಾತು. ಅದೇ ವರ್ಷ ಆಲ್ಬನಿ ಎಂಬ ಊರಿನಲ್ಲಿ ಏಳು ವಸಾಹತುಗಳ ಪ್ರತಿನಿಧಿಗಳು ನೆರೆದು, ಅವನು ರಚಿಸಿದ ಏಕೀಕರಣದ ಯೋಜನೆಗೆ ಒಪ್ಪಿಗೆಯಿತ್ತರು. ಅವರವರು ಊರಿಗೆ ಮರಳಿದ ಮೇಲೆ ಆದುದೇನು? ಒಂದೇ ಒಂದು ಶಾಸನಸಭೆಯೂ ಅದನ್ನು ಅಂಗೀಕರಿಸಲಿಲ್ಲ. ಕೆಲವು ಸಭೆಗಳು ತಳ್ಳಿಹಾಕಿದವು, ಕೆಲವು ಮಾತನ್ನೇ ಎತ್ತಲಿಲ್ಲ. ಪರಿಷತ್ತಿನಲ್ಲಿ ಕೈಯೆತ್ತಿ ಮನೆಯಲ್ಲಿ ಕೈಕಟ್ಟಿ ಕೂಡ್ರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆಂಬುದು ಇದರಿಂದ ತಿಳಿದುಬರುತ್ತದೆ.

ಕೂಡಿಸುವ ಕೆಲಸವನ್ನು ಫ್ರಾಂಕ್ಲಿನ್ನನಿಗಿಂತ ಚೆನ್ನಾಗಿ ಮಾಡಿದವರು ಲಂಡನ್ನಿನ ಮಂತ್ರಿಗಳು. ಫ್ರೆಂಚರೊಡನೆ ನಡೆದ ಯುದ್ಧವು 1763ರಲ್ಲಿ ಮುಗಿಯಿತು. ಗೆಲುವಿನೊಡನೆ ಹನ್ನೆರಡು ಕೋಟಿ ಪೌಂಡುಗಳಿಗೂ ಮೀರಿದ ಸಾಲವು ಇಂಗ್ಲಂಡಿನ ತಲೆಯ ಮೇಲೆ ಕುಳಿತಿತು. ಅದರ ಭಾರದ ಒಂದಂಶವನ್ನು ವಸಾಹತುಗಳು ಹೊರಲಿ ಎಂದು 1765ರಲ್ಲಿ ಸ್ಟಾಂಪು ಕಾಯಿದೆ ಹುಟ್ಟಿತು. ಖರೀದಿಪತ್ರ, ಮೃತ್ಯುಪತ್ರ, ವೃತ್ತಪತ್ರ, ಪಂಚಾಂಗ, ಕೊನೆಗೆ ಇಸ್ಪೇಟಿನ ಎಲೆಗಳು, ಇವೆಲ್ಲಕ್ಕೂ ಮುದ್ರೆಯ ಕಾಗದ ಬೇಕು. ಈ ಕಾಯಿದೆಯನ್ನು ಮಾಡಿದವರಿಗೆ ಲೋಕವ್ಯವಹಾರ ತಿಳಿದಿರಲಿಲ್ಲವೆನ್ನಬೇಕು. ವಕೀಲ, ಪತ್ರಿಕಾಕರ್ತ, ವ್ಯಾಪಾರಿ, ಜೂಜುಗಾರ, ಗದ್ದಲವೆಬ್ಬಿಸಲು ಸಮರ್ಥರಾದ ಈ ನಾಲ್ವರನ್ನೂ ಒಂದೇ ದಿನ ಅವರು ವೈರಿಗಳನ್ನಾಗಿ ಮಾಡಿಕೊಂಡರು. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ತಮ್ಮ ಮೇಲೆ ಕರ ವಿಧಿಸಲಾಗದು ಎಂಬ ತತ್ತ್ವವು ಊರೂರಿಗೂ ಹಬ್ಬಿತು. ಕಾಯಿದೆಯನ್ನು ಮುರಿದವನ ವಿಚಾರಣೆಯು ಪಂಚರಿಲ್ಲದ ನೌಕಾ ನ್ಯಾಯಾಲಯದಲ್ಲಿಯೂ ನಡೆಯಬಹುದೆಂಬುದು ಇನ್ನೂ ಹೆಚ್ಚಿನ ಕಿಚ್ಚನ್ನೆಬ್ಬಿಸಿತು. ಅಕ್ಟೋಬರದಲ್ಲಿ ನ್ಯೂಯಾರ್ಕಿನಲ್ಲಿ ಒಂಬತ್ತು ವಸಾಹತುಗಳವರು ಸಭೆ ಸೇರಿದರು. ಆಲ್ಬನಿಯಲ್ಲಿ ಕೂಡಿಸಿದವರು ಲಂಡನ್ನಿನ ಅಧಿಕಾರಿಗಳು. ಇಲ್ಲಿ ತಾವಾಗಿಯೇ ಕೂಡಿದರು. 1766ರಲ್ಲಿ ಕಾಯಿದೆ ರದ್ದಾಯಿತು. ಆದರೆ ಅದೇ ಕೈಯಿಂದ, ವಸಾಹತುಗಳಿಗೆ ಎಲ್ಲ ವಿಷಯಗಳಲ್ಲಿಯೂ ಕಾಯಿದೆ ಮಾಡುವ ಅಧಿಕಾರ ತನಗಿದೆಯೆಂದು ಪಾರ್ಲಿಮೆಂಟು ಬರೆದಿಟ್ಟುಕೊಂಡಿತು. ದಾವೆಯನ್ನು ಹಿಂದಕ್ಕೆ ತೆಗೆದುಕೊಂಡು ಹಕ್ಕನ್ನು ಕಾಯ್ದಿರಿಸಿಕೊಳ್ಳುವ ಈ ಉಪಾಯವನ್ನು ನಮ್ಮ ವೃತ್ತಿಯವರು ಚೆನ್ನಾಗಿ ಬಲ್ಲರು.

ಮರುವರ್ಷ ಗಾಜು, ಸೀಸ, ಬಣ್ಣ, ಕಾಗದ, ಚಹ ಇವುಗಳ ಮೇಲೆ ಸುಂಕ ಬಂದಿತು. ಜನರು ವಿಲಾಯತಿ ಮಾಲಿನ ಬಹಿಷ್ಕಾರಕ್ಕೆ ಕೈಹಾಕಿದರು. ಪಾದ್ರಿಗಳ ಮನೆಯಲ್ಲಿ ಹೆಂಗಸರು ರಾಟೆಗಳನ್ನು ತಂದಿಟ್ಟು, ಹಗಲೆಲ್ಲ ಅಗಸೆನಾರನ್ನೂ ಉಣ್ಣೆಯನ್ನೂ ನೂತು, ಸಂಜೆಗೆ ಲಡಿಗಳನ್ನೆಣಿಸುತ್ತಿದ್ದರು. ಹಾರ್ವರ್ಡ್ ಮಹಾವಿದ್ಯಾಲಯದ ವಿದ್ಯಾರ್ಥಿಗಳು 1768ರಲ್ಲಿ ಮನೆಬಟ್ಟೆಯನ್ನುಟ್ಟು ಪದವಿಯನ್ನು ಸ್ವೀಕರಿಸಿದರು. ಖಾದಿಯ ಕಾಲವನ್ನು ಕಂಡ ನಾಡಿನಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನೂಲಿನಿಂದ ಇಡೀ ದೇಶದ ಮೈಮುಚ್ಚಲು ಸಾಧ್ಯವಿರಲಿಲ್ಲ, ನಿಜ. ಆದರೆ ರಾಜಕಾರಣವು ಅಡಿಗೆಯ ಮನೆಗೂ ಹಿತ್ತಿಲಿಗೂ ಬಂದುದು ಆ ರಾಟೆಯ ಹಾದಿಯಿಂದಲೇ.

ಇಲ್ಲಿ ಒಂದು ಮೊಕದ್ದಮೆಯ ಮಾತನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸೊಪ್ಪದು. 1770ರ ಮಾರ್ಚ 5ರ ರಾತ್ರಿ ಬಾಸ್ಟನ್ನಿನ ಬೀದಿಯಲ್ಲಿ ಜನರ ಗುಂಪು ಆಂಗ್ಲ ಸಿಪಾಯಿಗಳನ್ನು ಮುತ್ತಿ, ಬಯ್ದು, ಮಂಜಿನ ಗಡ್ಡೆಗಳನ್ನೆಸೆಯಿತು. ಸಿಪಾಯಿಗಳು ಗುಂಡು ಹಾರಿಸಿದರು. ಐವರು ಸತ್ತರು, ಕ್ರಿಸ್ಪಸ್ ಅಟಕ್ಸನೆಂಬ ಮಿಶ್ರವರ್ಣದ ನಾವಿಕನು ಅವರಲ್ಲೊಬ್ಬನು. ಊರೆಲ್ಲ ಕೆಂಡವಾಗಿತ್ತು. ಆ ಸಿಪಾಯಿಗಳ ಪರವಾಗಿ ನಿಲ್ಲುವ ವಕೀಲ ಯಾರು? ಮೂವತ್ನಾಲ್ಕು ವಯಸ್ಸಿನ ಜಾನ್ ಆಡಮ್ಸನು ನಿಂತನು; ಅವನು ಸ್ವದೇಶಪಕ್ಷದ ಮನುಷ್ಯನೇ. ಅವನ ಜೊತೆಗೆ ನಿಂತವನು ಜೋಸಾಯ ಕ್ವಿನ್ಸಿ. ಎದುರು ಪಕ್ಷದಲ್ಲಿ ನಿಂತು ಆರೋಪ ಸಾಧಿಸಬೇಕಾಗಿದ್ದವರಲ್ಲಿ ಅವನ ಒಡಹುಟ್ಟಿದ ಅಣ್ಣ ಸ್ಯಾಮ್ಯುಎಲನೂ ಒಬ್ಬ. ಬಾಸ್ಟನ್ನಿನ ನ್ಯಾಯಾಲಯದಲ್ಲಿ, ಪಂಚರೆದುರು ವಿಚಾರಣೆ ನಡೆದು ಕಪ್ತಾನ ಪ್ರೆಸ್ಟನ್ನನೂ ಆರು ಸಿಪಾಯಿಗಳೂ ಬಿಡುಗಡೆ ಹೊಂದಿದರು. ಇಬ್ಬರಿಗೆ ಕಡಿಮೆ ಅಪರಾಧ ಹೊರಿಸಿ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಜನ ಆಡಮ್ಸನನ್ನು ದ್ರೋಹಿಯೆಂದು ನೂಕಲಿಲ್ಲ. ಅದೇ ವರ್ಷ ಶಾಸನಸಭೆಗೆ ಆರಿಸಿ ಕಳಿಸಿದರು. ಲೆಕ್ಸಿಂಗ್ಟನ್ನಿನ ಗುಂಡಿನೇಟಿಗಿಂತ ಈ ತೀರ್ಪೇ ಆ ಜನರ ಸ್ವರಾಜ್ಯದ ಯೋಗ್ಯತೆಗೆ ದೊಡ್ಡ ಸಾಕ್ಷಿಯೆಂದು ನಾನು ತಿಳಿಯುತ್ತೇನೆ. ನೀವು ಒಪ್ಪದಿರಬಹುದು.

ಚಹದ ಕಥೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಈಸ್ಟ್ ಇಂಡಿಯಾ ಕಂಪನಿಯು 1770ರ ಬಂಗಾಲದ ಕ್ಷಾಮದ ತರುವಾಯ ದಿವಾಳಿಯ ಅಂಚಿಗೆ ಬಂದಿತ್ತು. ಅದರ ಉಗ್ರಾಣಗಳಲ್ಲಿ ಚೀನದಿಂದ ತಂದ ಚಹವು ಮಾರಾಟವಾಗದೆ ರಾಶಿ ಬಿದ್ದಿತ್ತು. 1773ರಲ್ಲಿ ಪಾರ್ಲಿಮೆಂಟು ಒಂದು ಕೈಯಿಂದ ಬಂಗಾಲದ ಆಡಳಿತಕ್ಕೆ ರೆಗ್ಯುಲೇಟಿಂಗ್ ಕಾಯಿದೆಯನ್ನೂ, ಇನ್ನೊಂದು ಕೈಯಿಂದ ಅಮೇರಿಕಕ್ಕೆ ಚಹದ ಕಾಯಿದೆಯನ್ನೂ ಬರೆಯಿತು. ಕಂಪನಿಯ ಚಹವು ಅಮೇರಿಕದಲ್ಲಿ ಮೊದಲಿಗಿಂತ ಅಗ್ಗವಾಗಿಯೇ ಸಿಗಲಿತ್ತು. ಅಗ್ಗದ ಚಹವನ್ನು ಕುಡಿದು ಪೌಂಡಿಗೆ ಮೂರು ಪೆನ್ಸಿನ ಸುಂಕವನ್ನು ನುಂಗಿಕೊಳ್ಳಲಿ ಎಂಬ ಹವಣಿಕೆ ಅದು. ಡಿಸೆಂಬರ 16ರ ರಾತ್ರಿ ಮೂರು ಹಡಗುಗಳಲ್ಲಿದ್ದ 342 ಪೆಟ್ಟಿಗೆಗಳು ಬಾಸ್ಟನ್ನಿನ ಸಮುದ್ರದ ಪಾಲಾದವು. ಶಿಕ್ಷೆಯೆಂದು 1774ರ ಜೂನ 1ರಿಂದ ಬಾಸ್ಟನ್ ಬಂದರವನ್ನು ಮುಚ್ಚಲಾಯಿತು. ಬಾಸ್ಟನ್ನಿಗೆ ಉಪವಾಸ ಬಿದ್ದರೆ ಮಿಕ್ಕವರು ಹೆದರಿಯಾರೆಂದು ಮಂತ್ರಿಗಳ ಎಣಿಕೆ. ಆದರೆ ಕನೆಕ್ಟಿಕಟ್ಟಿನಿಂದ ಕುರಿಗಳ ಹಿಂಡು ನಡೆದು ಬಂದಿತು. ದಕ್ಷಿಣ ಕೆರೊಲಿನದಿಂದ ಅಕ್ಕಿ ಬಂದಿತು. ಇಪ್ಪತ್ತು ವರ್ಷ ಮೊದಲು ಆಲ್ಬನಿಯ ಕಾಗದವನ್ನು ಮೂಲೆಗೆಸೆದ ವಸಾಹತುಗಳೇ ಈಗ ಫಿಲಡೆಲ್ಫಿಯಕ್ಕೆ ಪ್ರತಿನಿಧಿಗಳನ್ನು ಕಳಿಸಿದವು. ಜಾರ್ಜಿಯವೊಂದನ್ನುಳಿದು ಹನ್ನೆರಡೂ ಬಂದವು.

ಯುದ್ಧವನ್ನು ನಾನು ವರ್ಣಿಸುವುದಿಲ್ಲ. 1775ರ ಏಪ್ರಿಲ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಮೊದಲಾಯಿತು. 1776ರ ಜುಲೈ 4ರಂದು ಸ್ವಾತಂತ್ರ್ಯದ ಘೋಷಣೆಯಾಯಿತು. 1777ರಲ್ಲಿ ಸ್ಯಾರಟೋಗದ ಗೆಲುವು ಫ್ರೆಂಚರನ್ನು ಸ್ನೇಹಕ್ಕೆಳೆಯಿತು. 1781ರ ಅಕ್ಟೋಬರ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶರಣಾಯಿತು. ಈ ಕಾರ್ನ್‌ವಾಲಿಸನೇ ಮುಂದೆ ಹಿಂದುಸ್ಥಾನದ ಗವರ್ನರ್ ಜನರಲ್ಲನಾಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣದ ಗೋಡೆಗಳ ಮುಂದೆ ನಿಂತು, ಟೀಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕೊಂಡೊಯ್ದವನು. ಇನ್ನೊಂದು ಸಂಗತಿ ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ. 1782ರಲ್ಲಿ ಪೆನ್ಸಿಲ್ವೇನಿಯದವರು ಒಂದು ಯುದ್ಧನೌಕೆಯನ್ನು ಸಜ್ಜುಗೊಳಿಸಿ, ಆಗ ಆಂಗ್ಲರೊಡನೆ ಕಾದುತ್ತಿದ್ದ ಹೈದರಾಲಿಯ ಹೆಸರನ್ನೇ ಅದಕ್ಕಿಟ್ಟಿದ್ದರು. ಜೋಶುವ ಬಾರ್ನಿಯೆಂಬ ತರುಣ ಕಪ್ತಾನನ ಕೈಯಲ್ಲಿ ಆ ಹಡಗು ತನಗಿಂತ ಬಲವಾದ ಆಂಗ್ಲ ನೌಕೆಯೊಂದನ್ನು ಡೆಲವೇರ್ ಕೊಲ್ಲಿಯಲ್ಲಿ ಸೆರೆಹಿಡಿಯಿತು. ಮೈಸೂರಿನ ಹೆಸರು ಅಷ್ಟು ದೂರ ಕೇಳಿಸಿತ್ತು.

ಅದಂತಿರಲಿ. 1783ರಲ್ಲಿ ಒಪ್ಪಂದವಾಯಿತು, ಸ್ವಾತಂತ್ರ್ಯ ಕೈಸೇರಿತು. ಈಗ ನಾವು ಪುಸ್ತಕವನ್ನು ಮುಚ್ಚುವ ಸ್ಥಳಕ್ಕೆ ಬಂದೆವು. ನಿಜವಾದ ಕಷ್ಟ ಇಲ್ಲಿಂದ ಪ್ರಾರಂಭ.

ಹದಿಮೂರು ಸಂಸ್ಥಾನಗಳ ನಡುವೆ ಆಗ ಇದ್ದ ಕಟ್ಟೆಂದರೆ 1781ರಲ್ಲಿ ಜಾರಿಗೆ ಬಂದ ಒಂದು ಒಕ್ಕೂಟದ ಕರಾರು. (ಸಂಸ್ಥಾನವೆಂದೊಡನೆ ಅರಸರನ್ನೂ ಅಂಬಾರಿಯನ್ನೂ ನೆನೆಯಬೇಡಿರಿ, ಹಿಂದಿನ ವಸಾಹತುಗಳಿಗೆ ಈಗ ಬಂದ ಹೆಸರು ಅದು.) ವಕೀಲನ ಕಣ್ಣಿನಿಂದ ಓದಿದರೆ ಅದೊಂದು ಕರಾರೇ ಅಲ್ಲ, ಸದಿಚ್ಛೆಯ ಪತ್ರ. ಕಾಂಗ್ರೆಸ್ಸು ಯುದ್ಧ ಹೂಡಬಹುದು, ಆದರೆ ಒಂದು ಕಾಸಿನ ಕರವನ್ನೂ ವಿಧಿಸಲಾಗದು. ಸಂಸ್ಥಾನಗಳಿಂದ ಹಣ ಬೇಡಬಹುದು, ಕೊಡದಿದ್ದರೆ ಸುಮ್ಮನಿರಬೇಕು. ಕರಾರಿನ ಒಂದಕ್ಷರ ತಿದ್ದಬೇಕಾದರೂ ಹದಿಮೂರೂ ಒಪ್ಪಬೇಕು. ಸಾಲ ತೀರಿಸಲು ಆಮದಿನ ಮೇಲೆ ನೂರಕ್ಕೆ ಐದರ ಸುಂಕ ಹಾಕೋಣವೆಂದಾಗ ಹನ್ನೆರಡು ಸಂಸ್ಥಾನಗಳು ಒಪ್ಪಿದವು. ಎಲ್ಲಕ್ಕೂ ಚಿಕ್ಕದಾದ ರೋಡ್ ಐಲಂಡು ಒಲ್ಲೆನೆಂದಿತು, ಅಲ್ಲಿಗೆ ಅದು ಮುಗಿಯಿತು. ಮತ್ತೊಮ್ಮೆ ಯತ್ನಿಸಿದಾಗ ನ್ಯೂಯಾರ್ಕು ಅಡ್ಡ ಬಿದ್ದಿತು. 1783ರಲ್ಲಿ ಸಂಬಳ ಸಿಗದ ಸಿಪಾಯಿಗಳು ಫಿಲಡೆಲ್ಫಿಯದ ಸಭಾಗೃಹವನ್ನು ಸುತ್ತುಗಟ್ಟಲು ಕಾಂಗ್ರೆಸ್ಸು ಪ್ರಿನ್ಸ್‌ಟನ್ನಿಗೆ ಓಡಿತು. ಅಲ್ಲಿಂದ ಅನಾಪೊಲಿಸ್, ಟ್ರೆಂಟನ್, ಕೊನೆಗೆ ನ್ಯೂಯಾರ್ಕು. ರಾಷ್ಟ್ರದ ಮಹಾಸಭೆಯು ಬಾಡಿಗೆಯ ಮನೆ ಹುಡುಕುವ ಸಂಸಾರಸ್ಥನಂತೆ ಊರೂರು ಅಲೆಯಿತು. ತಮ್ಮ ಸ್ವಾತಂತ್ರ್ಯವನ್ನು ಇಂಗ್ಲಂಡು ಒಪ್ಪಿದ ಆ ಒಪ್ಪಂದಕ್ಕೆ ರುಜು ಹಾಕುವುದಕ್ಕೂ ಒಂಬತ್ತು ಸಂಸ್ಥಾನಗಳ ಪ್ರತಿನಿಧಿಗಳು ಸಕಾಲಕ್ಕೆ ಕೂಡಲಿಲ್ಲ. ವಾರಗಟ್ಟಲೆ ಕಾಯ್ದು, ಬೇನೆ ಬಿದ್ದಿದ್ದ ಒಬ್ಬರನ್ನು ಬರಮಾಡಿಕೊಂಡು, 1784ರ ಜನೇವರಿ 14ರಂದು ಆ ಕಾರ್ಯವನ್ನು ಮುಗಿಸಬೇಕಾಯಿತು.

ಅತ್ತ ಗಡಿಗಡಿಗೂ ಜಕಾತಿಯ ಕಟ್ಟೆಗಳು ಎದ್ದವು. ನ್ಯೂಜರ್ಸಿಯಿಂದ ತರಕಾರಿ ತರುವ ದೋಣಿಗೂ, ಕನೆಕ್ಟಿಕಟ್ಟಿನಿಂದ ಸೌದೆ ತರುವ ದೋಣಿಗೂ ನ್ಯೂಯಾರ್ಕು ಸುಂಕ ಕೇಳಿತು. ನ್ಯೂಜರ್ಸಿಯ ನೆಲದಲ್ಲಿ ನ್ಯೂಯಾರ್ಕಿನವರ ದೀಪಸ್ತಂಭವೊಂದಿತ್ತು. ನ್ಯೂಜರ್ಸಿಯು ಸೇಡಿಗೆ ಅದರ ಮೇಲೆ ತಿಂಗಳಿಗೆ ಮೂವತ್ತು ಪೌಂಡಿನ ಕರ ಹೇರಿತು! ನಗು ಬರುವ ಮಾತಾದರೂ ನಗುವಂತಿಲ್ಲ. ಹಂಚಿಹೋದ ನಾಡಿನಲ್ಲಿ ನೆರೆಯೂರಿನವನು ಪರದೇಶಿಯಾಗುವ ಬಗೆಯನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಇವೆಲ್ಲದರ ಪೆಟ್ಟು ಬಿದ್ದುದು ಒಕ್ಕಲಿಗನ ಬೆನ್ನಿನ ಮೇಲೆ. ಮ್ಯಾಸಚುಸೆಟ್ಸಿನ ಪಶ್ಚಿಮಭಾಗದ ರೈತರು ಯುದ್ಧದಲ್ಲಿ ಕಾದಿ ಮನೆಗೆ ಬಂದಿದ್ದರು; ಕೈಗೆ ಬಂದ ಸಂಬಳದ ಕಾಗದಕ್ಕೆ ಬೆಲೆಯಿಲ್ಲ; ಆದರೆ ಸರಕಾರಕ್ಕೆ ಕರವನ್ನೂ ಸಾಹುಕಾರನಿಗೆ ಸಾಲವನ್ನೂ ಗಟ್ಟಿ ನಾಣ್ಯದಲ್ಲಿ ತೆರಬೇಕು. ತೆರದಿದ್ದರೆ ಜಪ್ತಿ, ಸೆರೆಮನೆ. 1786ರಲ್ಲಿ ಅವರು ಗುಂಪುಗೂಡಿ ನ್ಯಾಯಾಲಯಗಳ ಬಾಗಿಲನ್ನೇ ತಡೆದರು. ನ್ಯಾಯಾಧೀಶರು ಕೂಡದಿದ್ದರೆ ಜಪ್ತಿಯ ಹುಕುಮು ಹೊರಡುವುದೆಂತು? ಯುದ್ಧದಲ್ಲಿ ಕಪ್ತಾನನಾಗಿದ್ದ ಡೇನಿಯಲ್ ಶೇಸನು ಅವರ ಮುಖಂಡರಲ್ಲೊಬ್ಬ. 1787ರ ಜನೇವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದ ಮುಂದೆ ತೋಪು ಹಾರಿತು. ನಾಲ್ವರು ರೈತರು ಬಿದ್ದರು. ಅವರನ್ನು ಬಂಡುಕೋರರೆಂದು ಹಳೆಯ ಪುಸ್ತಕಗಳು ಹಳಿಯುತ್ತವೆ. ಕಾಯಿದೆಯ ಮನುಷ್ಯನಾದರೂ ನಾನು ಅಷ್ಟು ಸುಲಭವಾಗಿ ಹಳಿಯಲಾರೆ.

ಆ ಭಯವೇ ಫಿಲಡೆಲ್ಫಿಯದ ಬಾಗಿಲನ್ನು ತೆರೆಯಿಸಿತು. 1787ರ ಮೇ 25ರಿಂದ ಸಪ್ಟೆಂಬರ 17ರ ವರೆಗೆ, ಬೇಸಗೆಯ ಸೆಕೆಯಲ್ಲಿ, ಕಿಟಕಿಗಳನ್ನು ಮುಚ್ಚಿಕೊಂಡು, ಹೊರಗೆ ಒಂದು ಮಾತನ್ನೂ ಆಡೆವೆಂದು ನಿಯಮ ಮಾಡಿಕೊಂಡು ಅವರು ಕುಳಿತರು. ಬಂದವರು 55 ಜನ; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಯಿದೆ ಓದಿದವರು. ವಾಶಿಂಗ್ಟನ್ನನು ಅಧ್ಯಕ್ಷ, 81 ವರ್ಷದ ಫ್ರಾಂಕ್ಲಿನ್ನನು, ಆ ತುಂಡುಹಾವಿನ ಚಿತ್ರಕಾರನು, ಸಭೆಯ ಹಿರಿಯ. ರೋಡ್ ಐಲಂಡು ಬರಲೇ ಇಲ್ಲ. ವರ್ಜೀನಿಯದ ಜೇಮ್ಸ್ ಮ್ಯಾಡಿಸನ್ನನು ಮುಂದಿನ ಸಾಲಿನಲ್ಲಿ ಕುಳಿತು ದಿನದಿನದ ಚರ್ಚೆಯನ್ನು ಬರೆದಿಟ್ಟನು. ಅವನು ತೀರಿದ ಮೇಲೆ, 1840ರಲ್ಲಿ, ಅದು ಅಚ್ಚಾಯಿತು. ಅದನ್ನು ಓದಿದರೆ ಇದು ದೇವತೆಗಳ ಸಭೆಯಲ್ಲ, ನಮ್ಮ ನಿಮ್ಮಂಥವರ ಪಂಚಾಯತಿಯೆಂಬುದು ಮನದಟ್ಟಾಗುತ್ತದೆ. ದೊಡ್ಡ ಸಂಸ್ಥಾನಗಳು ಜನಸಂಖ್ಯೆಯಂತೆ ಪ್ರಾತಿನಿಧ್ಯ ಬೇಕೆಂದವು. ಚಿಕ್ಕವು ಎಲ್ಲರಿಗೂ ಸಮಪಾಲು ಬೇಕೆಂದವು. ಸಭೆ ಒಡೆಯುವ ಹಂತಕ್ಕೆ ಬಂದಿತು. ಕೊನೆಗೆ ಎರಡು ಮನೆಗಳ ಶಾಸನಸಭೆಯೆಂದು, ಒಂದರಲ್ಲಿ ತಲೆಯೆಣಿಕೆ, ಇನ್ನೊಂದರಲ್ಲಿ ಸಮಪಾಲು ಎಂದು ರಾಜಿಯಾಯಿತು. ಆ ರಾಜಿ ಗೆದ್ದುದು ಐದಕ್ಕೆ ನಾಲ್ಕರಂತೆ. ಒಂದು ಮತದ ಅಂತರ.

ಇನ್ನೊಂದು ರಾಜಿಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ತಲೆಯೆಣಿಕೆಯಲ್ಲಿ ಗುಲಾಮರನ್ನು ಹೇಗೆ ಎಣಿಸುವುದು? ಮತ ಕೊಡುವಾಗ ಅವರು ಮನುಷ್ಯರಲ್ಲ. ಆದರೆ ತಮ್ಮ ಸ್ಥಾನಗಳನ್ನು ಹೆಚ್ಚಿಸಿಕೊಳ್ಳಲು ಅವರನ್ನು ಮನುಷ್ಯರೆಂದೆಣಿಸಬೇಕೆಂದು ದಕ್ಷಿಣದವರ ಹಟ. ಐವರನ್ನು ಮೂವರೆಂದು ಎಣಿಸುವುದಾಗಿ ತೀರ್ಮಾನವಾಯಿತು. ಗುಲಾಮರ ಆಮದನ್ನು 1808ರ ವರೆಗೆ ನಿಷೇಧಿಸಕೂಡದೆಂದೂ, ಓಡಿಹೋದ ಗುಲಾಮನನ್ನು ಹಿಡಿದೊಪ್ಪಿಸಬೇಕೆಂದೂ ಸೇರಿಸಲಾಯಿತು. ಆ ಪತ್ರವನ್ನೆಲ್ಲ ಹುಡುಕಿದರೂ ಗುಲಾಮನೆಂಬ ಶಬ್ದ ನಿಮಗೆ ಸಿಕ್ಕದು. ಇತರ ವ್ಯಕ್ತಿಗಳು, ದುಡಿಮೆಗೆ ಕಟ್ಟುಬಿದ್ದವರು, ಹೀಗೆ ಏನೇನೋ ಸುತ್ತುಮಾತು. ದಸ್ತಾವೇಜು ಬರೆಯುವವನು ಒಂದು ಮಾತನ್ನು ಬರೆಯಲು ನಾಚಿದನೆಂದರೆ, ವಾದ ಮುಂದೆ ಅಲ್ಲಿಯೇ ಹುಟ್ಟುವುದೆಂದು ತಿಳಿಯಬೇಕು.

ಸಹಿ ಹಾಕಿದವರು 39 ಜನ. ಬಳಿಕ ಊರೂರಿನ ಚರ್ಚೆ. ಮ್ಯಾಸಚುಸೆಟ್ಸಿನಲ್ಲಿ 187ಕ್ಕೆ 168, ವರ್ಜೀನಿಯದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27. ಇಷ್ಟು ಅಲ್ಪ ಅಂತರಗಳಿಂದ ಆ ಮಹಾರಾಷ್ಟ್ರವು ಹುಟ್ಟಿತು. ಪ್ರಜೆಗಳ ಹಕ್ಕುಗಳೆಲ್ಲಿ ಎಂದು ವಿರೋಧಿಗಳು ಕೂಗಾಡಿದ್ದರಿಂದಲೇ 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಇಂದು ಆ ರಾಜ್ಯಘಟನೆಯಲ್ಲಿ ಲೋಕವು ಅತಿಯಾಗಿ ಹೊಗಳುವ ಭಾಗವು ಸೋತವರು ಬರೆಯಿಸಿದ್ದು. ರೋಡ್ ಐಲಂಡು ಮುನಿಸು ಬಿಟ್ಟು ಬಂದುದು 1790ರ ಮೇ ತಿಂಗಳಲ್ಲಿ, 34ಕ್ಕೆ 32ರಿಂದ.

ಕಾಗದದ ಮೇಲೆ ಒಂದಾದವರನ್ನು ಹಣದಿಂದ ಹೊಲಿದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ನನು. ವೆಸ್ಟ್ ಇಂಡೀಸಿನ ದ್ವೀಪದಲ್ಲಿ ಹುಟ್ಟಿ ಬಂದ ಅವನಿಗೆ ಇಂಥದೇ ಸಂಸ್ಥಾನವೆಂಬ ಅಭಿಮಾನವಿರಲಿಲ್ಲ. ಅದೇ ಅವನ ಬಲ. ಸಂಸ್ಥಾನಗಳ ಯುದ್ಧದ ಸಾಲವನ್ನೆಲ್ಲ ರಾಷ್ಟ್ರವೇ ತನ್ನ ತಲೆಗೆ ಕಟ್ಟಿಕೊಳ್ಳಲೆಂದನು. ಆಗಲೇ ಸಾಲ ತೀರಿಸಿದ್ದ ವರ್ಜೀನಿಯದವರು ಸಿಡಿದೆದ್ದರು. 1790ರಲ್ಲಿ ಜೆಫರ್ಸನ್ನನ ಮನೆಯ ಊಟದ ಮೇಜಿನ ಮುಂದೆ ಹ್ಯಾಮಿಲ್ಟನ್, ಮ್ಯಾಡಿಸನ್ ಇಬ್ಬರೂ ಕುಳಿತು ಒಪ್ಪಂದ ಮಾಡಿಕೊಂಡರು: ಸಾಲ ರಾಷ್ಟ್ರಕ್ಕೆ, ರಾಜಧಾನಿ ದಕ್ಷಿಣದ ಪೊಟೊಮ್ಯಾಕ್ ದಂಡೆಗೆ. ಸಿಪಾಯಿಗಳಿಂದ ಸಂಬಳದ ಕಾಗದಗಳನ್ನು ಕವಡೆಯ ಬೆಲೆಗೆ ಕೊಂಡಿದ್ದ ಸಟ್ಟಾ ವ್ಯಾಪಾರಿಗಳು ಇದರಿಂದ ಕೊಬ್ಬಿದರು. ಕಾದಿದವನಿಗೆ ಏನೂ ದಕ್ಕಲಿಲ್ಲ. ರಾಷ್ಟ್ರದ ಪತ್ತು ನಿಂತಿತು, ನ್ಯಾಯ ಕುಂಟಿತು. 1791ರ ಡಿಸೆಂಬರದಲ್ಲಿ ಅವನು ಕಾಂಗ್ರೆಸ್ಸಿಗೆ ಉದ್ಯಮಗಳ ಬಗೆಗೆ ಒಂದು ವರದಿಯನ್ನೊಪ್ಪಿಸಿದನು. ಹೊಲವೊಂದನ್ನೇ ನಂಬಿದ ರಾಷ್ಟ್ರವು ಪರರ ಗಿರಣಿಗೆ ಊಳಿಗ ಮಾಡಬೇಕಾದೀತು ಎಂಬುದು ಅದರ ಸಾರ. ಎರಡು ವರ್ಷ ಮೊದಲು ವಾಶಿಂಗ್ಟನ್ನನು ಅಧ್ಯಕ್ಷಪದದ ಪ್ರಮಾಣ ಸ್ವೀಕರಿಸುವಾಗ ಹಾರ್ಟ್‌ಫರ್ಡಿನಲ್ಲಿ ನೆಯ್ದ ಕಂದುಬಣ್ಣದ ನಾಡಬಟ್ಟೆಯನ್ನು ತೊಟ್ಟಿದ್ದನು. ಆದರೆ ನಾಡಬಟ್ಟೆಯನ್ನು ಗಿರಣಿಯಲ್ಲಿ ನೆಯ್ಯುವ ವಿದ್ಯೆ ಇಂಗ್ಲಂಡಿನ ಕೈಯಲ್ಲಿತ್ತು; ಯಂತ್ರವನ್ನಾಗಲಿ, ಯಂತ್ರ ಬಲ್ಲವನನ್ನಾಗಲಿ ಹೊರಗೆ ಬಿಡಕೂಡದೆಂದು ಅಲ್ಲಿ ಕಾಯಿದೆಯಿತ್ತು.

ಡರ್ಬಿಶಾಯರಿನ ಬೆಲ್ಪರ್ ಎಂಬಲ್ಲಿ ಸ್ಟ್ರಟ್ಟನ ಗಿರಣಿಯಲ್ಲಿ ಉಮೇದುವಾರಿ ಮುಗಿಸಿದ ಸ್ಯಾಮ್ಯುಎಲ್ ಸ್ಲೇಟರನೆಂಬ ಇಪ್ಪತ್ತೊಂದು ವರ್ಷದ ಹುಡುಗನು 1789ರಲ್ಲಿ ತನ್ನ ಕಸಬನ್ನು ಮುಚ್ಚಿಟ್ಟು ಹಡಗು ಹತ್ತಿದನು. ಕೈಯಲ್ಲಿ ನಕ್ಷೆಯಿಲ್ಲ, ಯಂತ್ರವೆಲ್ಲ ತಲೆಯಲ್ಲಿ. ರೋಡ್ ಐಲಂಡಿನ ಪಾಟಕೆಟ್ ಎಂಬಲ್ಲಿ ಮೋಸಸ್ ಬ್ರೌನನೆಂಬ ಕ್ವೇಕರ ವರ್ತಕನು ಅವನಿಗೆ ಬಂಡವಾಳ ಕೊಟ್ಟನು. 1790ರ ಡಿಸೆಂಬರ 20ರಂದು ನೀರಿನ ಬಲದಿಂದ ಕದಿರುಗಳು ತಿರುಗಿದವು. ಒಕ್ಕೂಟಕ್ಕೆ ಕಟ್ಟಕಡೆಗೆ ಬಂದ ಸಂಸ್ಥಾನದಲ್ಲಿ, ಬಂದ ವರ್ಷವೇ, ಒಕ್ಕೂಟದ ಉದ್ಯಮದ ಮೊದಲ ಚಕ್ರ ತಿರುಗಿದುದು ವಿಚಿತ್ರವಲ್ಲವೇ? ಮೊದಲ ಕೆಲಸಗಾರರು ಒಂಬತ್ತು ಮಕ್ಕಳು. ಏಳರಿಂದ ಹನ್ನೆರಡು ವರ್ಷದವರು. ಶಾಲೆಯ ಮಾಸ್ತರರು ಇಲ್ಲಿ ಬಹಳ ಮಂದಿ ಇದ್ದೀರಿ; ಆ ವಯಸ್ಸನ್ನು ಗಮನಿಸಿರಿ.

ಮೋಸಸ್ ಬ್ರೌನನು ಗುಲಾಮಗಿರಿಯ ಕಡುವೈರಿ. ತನ್ನ ಗುಲಾಮರನ್ನು ಬಿಡುಗಡೆ ಮಾಡಿ, ಗುಲಾಮರ ವ್ಯಾಪಾರ ಮಾಡುತ್ತಿದ್ದ ತನ್ನ ಅಣ್ಣನೊಡನೆಯೇ ಕಾದಿದವನು. ಅಂಥವನ ಗಿರಣಿಗೂ ಬೇಕಾದುದು ಹತ್ತಿ. 1793ರಲ್ಲಿ ಜಾರ್ಜಿಯದ ತೋಟವೊಂದರಲ್ಲಿ ಅತಿಥಿಯಾಗಿದ್ದ ಈಲೈ ವಿಟ್ನಿಯು ಒಂದು ಯಂತ್ರ ಮಾಡಿದನು. ಎರಡು ಉರುಳೆಗಳ ನಡುವೆ ಹತ್ತಿಯನ್ನು ಹಾಯಿಸಿ ಬೀಜ ಬಿಡಿಸುವ ಕೈಚರಕ ನಮ್ಮ ದೇಶದಲ್ಲಿ ಬಹು ಪುರಾತನ. ಆದರೆ ಅಮೇರಿಕದ ಒಳನಾಡಿನ ಗಿಡ್ಡ ಎಳೆಯ ಹತ್ತಿಯಲ್ಲಿ ಬೀಜ ಅರಳೆಗೆ ಅಂಟಿಕೊಂಡಿರುವುದರಿಂದ ಅದು ಸಾಗದು. ವಿಟ್ನಿಯ ಯಂತ್ರದ ಹಲ್ಲುಗಳು ಅರಳೆಯನ್ನು ಸೀಳುಗಿಂಡಿಗಳಿಂದ ಎಳೆದುಕೊಂಡು ಬೀಜವನ್ನು ಹಿಂದೆಯೇ ಬಿಡುತ್ತಿದ್ದವು. ಹೊಗೆಸೊಪ್ಪಿನ ಬೆಲೆ ಬಿದ್ದು ಗುಲಾಮಗಿರಿಯು ತಾನಾಗಿ ಸೊರಗೀತೆಂದು ನಂಬಿದ್ದವರ ನಂಬಿಕೆ ಅಲ್ಲಿಗೆ ನೆಲಕಚ್ಚಿತು. 1790ರಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರು 1860ರಲ್ಲಿ ನಲವತ್ತು ಲಕ್ಷದ ಸಮೀಪವಾದರು. ರಾಷ್ಟ್ರದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹತ್ತಿಯದಾಯಿತು. ಹೊಸ ಹತ್ತಿಗೆ ಹೊಸ ನೆಲ ಬೇಕು. ಜಾರ್ಜಿಯದ ಚೆರೋಕಿ ಜನರು ತಮ್ಮ ಭಾಷೆಗೆ ಲಿಪಿ ಮಾಡಿಕೊಂಡು, ಪತ್ರಿಕೆ ನಡೆಸಿ, ರಾಜ್ಯಘಟನೆ ಬರೆದುಕೊಂಡು ಬಾಳುತ್ತಿದ್ದರು. 1832ರಲ್ಲಿ ಶ್ರೇಷ್ಠ ನ್ಯಾಯಾಲಯವು ಅವರ ಪರವಾಗಿಯೇ ತೀರ್ಪಿತ್ತಿತು, ತೀರ್ಪನ್ನು ನಡೆಸುವವರಿರಲಿಲ್ಲ. 1838ರಲ್ಲಿ ಸೈನ್ಯವು ಅವರನ್ನು ಮಿಸಿಸಿಪ್ಪಿಯಾಚೆಗೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಗೆದ್ದ ಡಿಕ್ರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆ ಕಳೆದುಕೊಂಡವರು ಅವರು.

ಉತ್ತರದಲ್ಲಿ ಉದ್ಯಮದ ಗತಿ ಬೇರೆಯಾಯಿತು. ಬಾಸ್ಟನ್ನಿನ ಫ್ರಾನ್ಸಿಸ್ ಕ್ಯಾಬಟ್ ಲೊವೆಲ್ಲನು ಆಂಗ್ಲ ಗಿರಣಿಗಳನ್ನು ಕಣ್ಣಾರೆ ಕಂಡು ಬಂದು, 1814ರಲ್ಲಿ ವಾಲ್ತಮ್ ಎಂಬಲ್ಲಿ ನೂಲುವುದನ್ನೂ ನೆಯ್ಯುವುದನ್ನೂ ಒಂದೇ ಸೂರಿನ ಕೆಳಗೆ ತಂದನು. ಅವನ ಹೆಸರಿನ ಊರಿನಲ್ಲಿ ಹಳ್ಳಿಯ ಒಕ್ಕಲಿಗರ ಹೆಣ್ಣುಮಕ್ಕಳು ವಸತಿಗೃಹಗಳಲ್ಲಿ ಇದ್ದುಕೊಂಡು ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ದುಡಿದರು; ಬಿಡುವಿನಲ್ಲಿ ಓದಿದರು, ತಮ್ಮದೇ ಮಾಸಪತ್ರಿಕೆಯಲ್ಲಿ ಬರೆದರು. 1834ರಲ್ಲಿ ಕೂಲಿ ಇಳಿಸಿದಾಗ, 1836ರಲ್ಲಿ ವಸತಿಯ ಖರ್ಚು ಏರಿಸಿದಾಗ, ಕೆಲಸ ಬಿಟ್ಟು ಬೀದಿಗಿಳಿದರು. ತಾವು ಸ್ವಾತಂತ್ರ್ಯಯೋಧರ ಮಕ್ಕಳೆಂದು ಧಣಿಗಳಿಗೆ ನೆನಪು ಮಾಡಿಕೊಟ್ಟರು. ಅವರ ಅಜ್ಜಿಯರು ಪಾದ್ರಿಯ ಮನೆಯಲ್ಲಿ ರಾಟೆ ತಿರುವಿದವರು. ಈಗ ಅವರು ನೆಯ್ದ ಒರಟು ಬಟ್ಟೆಯಲ್ಲಿ ಒಂದಂಶ ದಕ್ಷಿಣಕ್ಕೆ ಹೋಗಿ ಗುಲಾಮರ ಮೈಗೆ ಬೀಳುತ್ತಿತ್ತು.

ಕಾಲುವೆ, ಉಗಿದೋಣಿ, ರೈಲುಗಳು ಸಂಸ್ಥಾನಗಳನ್ನು ಹೆಣೆದವು. ಕೇಂದ್ರ ಸರಕಾರ ಹಣ ಕೊಡದಿರಲು ನ್ಯೂಯಾರ್ಕು ತಾನೇ 1817ರಿಂದ 1825ರ ವರೆಗೆ 363 ಮೈಲುಗಳ ಈರಿ ಕಾಲುವೆಯನ್ನು ತೋಡಿಸಿತು. ಒಳನಾಡಿನ ಗೋದಿಯ ಸಾಗಣೆ ಹತ್ತರಲ್ಲೊಂದು ವೆಚ್ಚಕ್ಕೆ ಇಳಿಯಿತು. ಅದೇ ನ್ಯೂಯಾರ್ಕು ತನ್ನ ನೀರಿನಲ್ಲಿ ಉಗಿದೋಣಿ ನಡೆಸುವ ಗುತ್ತಿಗೆಯನ್ನು ಕೆಲವರಿಗೇ ಕೊಟ್ಟು, ನ್ಯೂಜರ್ಸಿಯಿಂದ ಬರುವ ದೋಣಿಯನ್ನು ತಡೆದಿತ್ತು. 1824ರಲ್ಲಿ ಗಿಬನ್ಸ್ ಮತ್ತು ಆಗ್ಡನ್ನರ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಮಾರ್ಶಲ್ಲನು ಆ ಗುತ್ತಿಗೆಯನ್ನು ಮುರಿದನು: ಸಂಸ್ಥಾನ ಸಂಸ್ಥಾನಗಳ ನಡುವಣ ವ್ಯಾಪಾರವು ಇಡೀ ರಾಷ್ಟ್ರದ ಸೊತ್ತು. ತರಕಾರಿಯ ದೋಣಿಯ ಜಕಾತಿಯಿಂದ ಇಲ್ಲಿಗೆ ಬರಲು ನಲವತ್ತು ವರ್ಷಗಳು ಬೇಕಾದವು.

ಹೀಗೆ ಮಾರುಕಟ್ಟೆ ಒಂದಾಯಿತು, ಜನ ಒಂದಾಗಲಿಲ್ಲ. 1860ರ ಹೊತ್ತಿಗೆ ಸುಮಾರು ಮೂವತ್ತು ಸಾವಿರ ಮೈಲು ರೈಲುದಾರಿಯಿದ್ದ ದೇಶವು ಮರುವರ್ಷ ಎರಡಾಗಿ ಸೀಳಿತು. ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಸೈನಿಕರು ಸತ್ತರು. ಫಿಲಡೆಲ್ಫಿಯದಲ್ಲಿ ಬರೆಯಲು ನಾಚಿದ ಗುಲಾಮಗಿರಿಯೆಂಬ ಶಬ್ದವು ಆ ರಾಜ್ಯಘಟನೆಯೊಳಗೆ ಮೊದಲ ಬಾರಿ ಬಂದುದು 1865ರ ಹದಿಮೂರನೆಯ ತಿದ್ದುಪಡಿಯಲ್ಲಿ, ಅದನ್ನು ನಿಷೇಧಿಸುವುದಕ್ಕಾಗಿ.

ಆ ಯುದ್ಧದ ಬಿಸಿ ನಮ್ಮ ಊರುಗಳಿಗೂ ತಟ್ಟಿತ್ತು. ಅದನ್ನು ಹೇಳಿ ಕುಳಿತುಕೊಳ್ಳುತ್ತೇನೆ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯು ಅಮೇರಿಕದ ದಕ್ಷಿಣದಿಂದ ಹತ್ತಿಯ ಬೇಸಾಯ ಬಲ್ಲವರನ್ನು ಕರೆಯಿಸಿ ಹಿಂದುಸ್ಥಾನದ ಹಲವೆಡೆ ಅಲ್ಲಿಯ ಬೀಜ ಬಿತ್ತಿಸಿತು. ಹೆಚ್ಚಿನ ಕಡೆ ಅದು ಹತ್ತಲಿಲ್ಲ. ಧಾರವಾಡದ ಎರೆಯ ಹೊಲಗಳಲ್ಲಿ ಹತ್ತಿತು. ವಿಟ್ನಿಯ ಮಾದರಿಯ ಗರಗಸದ ಯಂತ್ರಗಳು ಅದರ ಹಿಂದೆ ಬಂದವು. 1861ರಲ್ಲಿ ದಕ್ಷಿಣದ ಬಂದರಗಳಿಗೆ ದಿಗ್ಬಂಧನ ಬಿದ್ದಾಗ ಲಂಕಾಶಾಯರಿನ ಗಿರಣಿಗಳು ಹತ್ತಿಗಾಗಿ ಈ ಕಡೆಗೆ ಬಾಯಿಬಿಟ್ಟವು. ಬೆಲೆ ಎಂದೂ ಕಾಣದಷ್ಟು ಏರಿತು. ಲಿಂಕನ್ನನ ಹೆಸರನ್ನೇ ಕೇಳದ ಒಕ್ಕಲಿಗನು ಜೋಳದ ಹೊಲಕ್ಕೂ ಹತ್ತಿ ಹಾಕಿದನು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬಯಿಯ ಪೇಟೆಯಲ್ಲಿ ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯೆದ್ದರು. ಧಾರವಾಡ-ಅಮೇರಿಕನ್ ಎಂಬ ಹೆಸರು ಮಾತ್ರ ಹತ್ತಿಯ ಪೇಟೆಗಳಲ್ಲಿ ಮುಂದೆಯೂ ಬಹುಕಾಲ ಉಳಿಯಿತು.